‘ಈ ಸಲ ಆಗಲಿಲ್ಲ’ ಎಂದವರೇ ಇಂಟರ್‌ವ್ಯೂಗೆ ಕರೆಯಬೇಕೆ? ಹೀಗೆ ಮಾಡಿ

2015ರ ಆಗಸ್ಟ್. ಒಣ ಕಾಫಿಯ ಸಿಪ್ಪೆ ತೆಗೆದು ಬೀಜ ವಿಂಗಡಿಸುವ, ಚಿಕ್ಕಮಗಳೂರಿನ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಲ್ಯಾಬ್ ಅಸಿಸ್ಟೆಂಟ್ ಕೆಲಸಕ್ಕೆ ಅರ್ಜಿ ಹಾಕಿದ್ದೆ. ಬಿ.ಎಸ್ಸಿ. ಮುಗಿದಿತ್ತು, ಅಂಕವೂ ಪರವಾಗಿಲ್ಲ ಅನ್ನುವಷ್ಟಿತ್ತು. ಹದಿನೈದು ದಿನಕ್ಕೆ ಎರಡು ಸಾಲಿನ ಮೇಲ್ ಬಂತು. ನಿಮ್ಮನ್ನು ತೆಗೆದುಕೊಳ್ಳಲು ಆಗುತ್ತಿಲ್ಲ, ಒಳ್ಳೆಯದಾಗಲಿ. ಇಂಟರ್‌ವ್ಯೂವರೆಗೂ ಹೋಗಲಿಲ್ಲ. ಹೊರಗೆ ಜಡಿಮಳೆ, ಒಳಗೆ ಕರೆಂಟಿಲ್ಲ. ಅಮ್ಮ, ‘ಹೋಗ್ಲಿ ಬಿಡೇ, ಬಿ.ಎಡ್. ಮಾಡು’ ಎಂದರು.

ಅದೇ ಕಂಪನಿ ಮುಂದಿನ ಮಾರ್ಚ್‌ನಲ್ಲಿ ನನ್ನನ್ನು ಇಂಟರ್‌ವ್ಯೂಗೆ ಕರೆಯಿತು. ಆಮೇಲೆ ಕೆಲವು ವರ್ಷ ಅಲ್ಲೇ ಕೂತು ಬೇರೆಯವರ ಅರ್ಜಿಗಳನ್ನು ನೋಡುವ ಕೆಲಸವೂ ನನ್ನ ಪಾಲಿಗೆ ಬಂತು. ಮೇಜಿನ ಆಚೆ ಬದಿಯಿಂದ ನೋಡಿದಾಗ ಒಂದು ವಿಷಯ ಸ್ಪಷ್ಟವಾಯಿತು. ಬಿಡದೆ ಬೆನ್ನು ಹತ್ತುವವರು ಬೇಕಾದಷ್ಟು ಜನ. ಆದರೆ ಅವರಲ್ಲಿ ಹೆಚ್ಚಿನವರು ಅದೇ ಬಯೋಡೇಟಾ ಹಿಡಿದು ಅದೇ ಪ್ರಶ್ನೆ ಕೇಳುತ್ತಾರೆ: ‘ಸರ್, ಏನಾದ್ರೂ ಆಯ್ತಾ?’ ನೆಂಟರ ಮನೆಗೆ ಬರಿಗೈಲಿ ಹೋಗುವುದಿಲ್ಲ ಅಲ್ವಾ? ಇಲ್ಲೂ ಅಷ್ಟೇ. ಎರಡನೇ ಸಲ ಹೋಗುವಾಗ ಮೊದಲ ಸಲ ಇಲ್ಲದ್ದೊಂದು ಕೈಯಲ್ಲಿರಬೇಕು.

ಮೊದಲು: ಮರುದಿನ ಒಂದು ಉತ್ತರ

ಮೇಲ್ ಬಂದ ದಿನ ಏನೂ ಬರೆಯಬೇಡಿ. ಸಿಟ್ಟೋ ಅಳುವೋ ಅಕ್ಷರದಲ್ಲಿ ಕಂಡೇ ಕಾಣುತ್ತದೆ. ಮರುದಿನ ಬೆಳಗ್ಗೆ ನಾಲ್ಕೈದು ಸಾಲು ಬರೆಯಿರಿ. ನಾನು ಕಳಿಸಿದ್ದು ಹೆಚ್ಚುಕಡಿಮೆ ಹೀಗಿತ್ತು:

‘ಸರ್, ಉತ್ತರ ಕಳಿಸಿದ್ದಕ್ಕೆ ಧನ್ಯವಾದ. ಈ ಸಲ ಆಗದಿದ್ದರೂ ನಿಮ್ಮಲ್ಲಿ ಕೆಲಸ ಮಾಡುವ ಆಸೆ ಇದೆ. ಒಂದೇ ಪ್ರಶ್ನೆ: ಈ ಕೆಲಸಕ್ಕೆ ನನ್ನಲ್ಲಿ ಮುಖ್ಯವಾಗಿ ಕಡಿಮೆ ಬಿದ್ದದ್ದು ಯಾವುದು? ತಿಳಿಸಿದರೆ ಅದನ್ನು ಕಲಿತು ಮತ್ತೆ ಅರ್ಜಿ ಹಾಕುತ್ತೇನೆ.’

ಇದರಲ್ಲಿ ‘ದಯವಿಟ್ಟು ಇನ್ನೊಮ್ಮೆ ನೋಡಿ’ ಎಂಬ ಮಾತಿಲ್ಲ. ‘ಮನೆ ಕಷ್ಟ’ ಇಲ್ಲ. ‘ಯಾಕೆ ತಗೊಳ್ಳಲಿಲ್ಲ’ ಎಂದೂ ಕೇಳಿಲ್ಲ. ಯಾಕೆ ಎಂದರೆ ಅವರು ಸಮರ್ಥನೆಗೆ ಇಳಿಯುತ್ತಾರೆ ಅಥವಾ ಸುಮ್ಮನಾಗುತ್ತಾರೆ. ಏನು ಕಡಿಮೆ ಎಂದರೆ ಕೆಲವರಾದರೂ ಹೇಳುತ್ತಾರೆ. ಕಂಪನಿ ಇಂಗ್ಲಿಷಿನಲ್ಲಿ ಮೇಲ್ ಮಾಡಿದ್ದರೆ ನೀವೂ ಸರಳ ಇಂಗ್ಲಿಷಿನಲ್ಲೇ ಬರೆಯಿರಿ. ದೊಡ್ಡ ದೊಡ್ಡ ಪದ ಬೇಡ.

ನನಗೆ ಒಂಬತ್ತು ದಿನ ಬಿಟ್ಟು ಒಂದು ಸಾಲಿನ ಉತ್ತರ ಬಂತು. ಕಾಫಿ ಬಗ್ಗೆ ಪ್ರಾಕ್ಟಿಕಲ್ ಅನುಭವ ಇಲ್ಲ, ಎಕ್ಸೆಲ್‌ನಲ್ಲಿ ರಿಪೋರ್ಟ್ ಮಾಡಲು ಬರಬೇಕಿತ್ತು. ಅಷ್ಟೇ. ಆ ಒಂದು ಸಾಲೇ ಮುಂದಿನ ಏಳು ತಿಂಗಳಿನ ಸಿಲೆಬಸ್ ಆಯಿತು. ಉತ್ತರ ಬಾರದಿದ್ದರೆ ಬೇಸರ ಬೇಡ. ಜಾಹೀರಾತನ್ನೇ ಮತ್ತೆ ಓದಿ, ಅವರು ಕೇಳಿದ್ದರಲ್ಲಿ ನಿಮ್ಮಲ್ಲಿ ಇಲ್ಲದ್ದಕ್ಕೆ ಪೆನ್ಸಿಲಿನಲ್ಲಿ ಗೆರೆ ಹಾಕಿ.

ಅರ್ಜಿ ನಿಜಕ್ಕೂ ಅವರ ಕೈ ಸೇರಿತ್ತೇ?

ಇದನ್ನು ಯಾರೂ ನೋಡುವುದಿಲ್ಲ. ನಮ್ಮ ಕಡೆ ಬಯೋಡೇಟಾ ತಯಾರಾಗುವುದು ಬಸ್‌ಸ್ಟ್ಯಾಂಡ್ ಹತ್ತಿರದ ಜೆರಾಕ್ಸ್ ಅಂಗಡಿಯಲ್ಲೋ ಸೈಬರ್ ಸೆಂಟರಿನಲ್ಲೋ. ಹಳೇ ಫೈಲಿನ ಮೇಲೆ ಹೊಸ ಹೆಸರು ಹಾಕಿ ಪ್ರಿಂಟ್ ಕೊಡುತ್ತಾರೆ. ಒಬ್ಬ ಹುಡುಗನ ಬಯೋಡೇಟಾದಲ್ಲಿ ಇನ್ನೊಬ್ಬಳ ತಂದೆಯ ಹೆಸರು ಇದ್ದದ್ದನ್ನು ನಾನೇ ನೋಡಿದ್ದೇನೆ. ಅದಕ್ಕಿಂತ ದೊಡ್ಡ ಎಡವಟ್ಟು ಎಂದರೆ, ಆನ್‌ಲೈನ್ ಅರ್ಜಿ ತುಂಬುವಾಗ ಅಂಗಡಿಯವರು ತಮ್ಮದೇ ಇ–ಮೇಲ್ ಹಾಕಿಬಿಡುವುದು. ಕಂಪನಿ ಕರೆಯುತ್ತದೆ, ಮೇಲ್ ಸೈಬರ್ ಸೆಂಟರಿನಲ್ಲಿ ಕೊಳೆಯುತ್ತದೆ. ನಿಮ್ಮದೇ ಇ–ಮೇಲ್ ಮಾಡಿಕೊಳ್ಳಿ, ಪಾಸ್‌ವರ್ಡ್ ನಿಮ್ಮ ಹತ್ತಿರವೇ ಇರಲಿ.

ಇನ್ನೊಂದು ಮಲೆನಾಡಿನದೇ ತೊಂದರೆ. ಕಳಸ, ಕೊಟ್ಟಿಗೆಹಾರದ ಕಡೆ ಎಷ್ಟೋ ಮನೆಗಳಲ್ಲಿ ನೆಟ್‌ವರ್ಕ್ ಬೇಕೆಂದರೆ ಗುಡ್ಡ ಹತ್ತಬೇಕು. ಮಳೆಗಾಲದಲ್ಲಿ ಕರೆಂಟ್ ಹೋದರೆ ಟವರೂ ಹೋಯಿತು. ಎಚ್.ಆರ್. ಎರಡು ಸಲ ಫೋನ್ ಮಾಡುತ್ತಾರೆ, ಸ್ವಿಚ್ ಆಫ್ ಎಂದು ಬಂದರೆ ಮುಂದಿನ ಹೆಸರಿಗೆ ಹೋಗುತ್ತಾರೆ. ಪೇಟೆಯಲ್ಲಿರುವ ಅಕ್ಕನದೋ ಚಿಕ್ಕಪ್ಪನದೋ ನಂಬರನ್ನು ಎರಡನೇ ನಂಬರ್ ಆಗಿ ಕೊಡಿ. ಕೊಟ್ಟಿದ್ದೀರಿ ಎಂದು ಅವರಿಗೂ ಹೇಳಿಡಿ. ಇಲ್ಲದಿದ್ದರೆ ‘ರಾಂಗ್ ನಂಬರ್’ ಎಂದು ಇಟ್ಟುಬಿಡುತ್ತಾರೆ.

ಬೆಂಗಳೂರಿನ ದೊಡ್ಡ ಕಂಪನಿಗಳಲ್ಲಿ ಅರ್ಜಿಯನ್ನು ಮೊದಲು ಸಾಫ್ಟ್‌ವೇರ್ ಓದುವುದೂ ಉಂಟು. ಬಯೋಡೇಟಾದ ಫೋಟೊ ತೆಗೆದು ಕಳಿಸಿದರೆ ಅದಕ್ಕೆ ಓದಲು ಕಷ್ಟ. ಟೈಪ್ ಮಾಡಿದ ಪಿ.ಡಿ.ಎಫ್. ಕಳಿಸಿ. ಎರಡು ಕಾಲಂ, ಬಣ್ಣದ ಡಬ್ಬಿ, ಹೂವಿನ ಅಂಚು ಬೇಡ. ‘ಹವ್ಯಾಸ: ಟಿವಿ ನೋಡುವುದು’ ಎಂಬ ಸಾಲನ್ನು ಇಂದೇ ತೆಗೆದುಬಿಡಿ.

ಹೊಸದೇನು ಹಿಡಿದು ಹೋಗುವುದು?

ಇಲ್ಲೇ ನಿಜವಾದ ಕೆಲಸ ಇರುವುದು, ಸಮಯವೂ ಇಲ್ಲೇ ಜಾಸ್ತಿ ಹಿಡಿಯುತ್ತದೆ. ಹೊಸದು ಎಂದ ಕೂಡಲೇ ಎಲ್ಲರೂ ಸರ್ಟಿಫಿಕೇಟ್ ಹಿಂದೆ ಹೋಗುತ್ತಾರೆ. ನಾನು ನೋಡಿದಂತೆ ಸರ್ಟಿಫಿಕೇಟಿಗಿಂತ, ಮಾಡಿದ ಕೆಲಸದ ಒಂದು ಪುಟ ಜಾಸ್ತಿ ತೂಗುತ್ತದೆ.

ಆಲ್ದೂರು ಕಡೆ ನಮ್ಮ ಮಾವನ ಸಣ್ಣ ತೋಟ ಇದೆ. ಅರೇಬಿಕಾ ಕೊಯ್ಲು ನವೆಂಬರಿಗೆ ಶುರು. ಸಂಬಳ ಬೇಡ, ಕಣದ ಲೆಕ್ಕ ನಾನು ಬರೆಯುತ್ತೇನೆ ಎಂದು ಹೋದೆ. ಮಾವ ನಕ್ಕರು. ‘ಬಿ.ಎಸ್ಸಿ. ಮಾಡಿ ಕಣ ಕಾಯ್ತೀಯೇನೇ?’ ಯಾವ ದಿನ ಯಾವ ಬ್ಲಾಕಿನ ಹಣ್ಣು ಬಂತು, ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರಿಗೆ ಎಷ್ಟು ಹೋಯಿತು, ಹಾಗೆ ಬಿಡಿಸಿದ ಪಾರ್ಚ್‌ಮೆಂಟ್ ಎಷ್ಟು ದಿನ ಒಣಗಿತು, ಸಿಪ್ಪೆ ಸಮೇತ ಒಣಗಿಸುವ ಚೆರಿ ಎಷ್ಟು ದಿನ ತೆಗೆದುಕೊಂಡಿತು, ಮೋಡ ಮುಚ್ಚಿದ್ದು ಯಾವತ್ತು, ಎಲ್ಲ ನೋಟ್‌ಬುಕ್ಕಿಗೆ ಹತ್ತಿತು. ಪಕ್ಕದ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಹತ್ತಿರ ತೇವಾಂಶ ಅಳೆಯುವ ಮೀಟರ್ ಇತ್ತು. ವಾರಕ್ಕೊಮ್ಮೆ ಸ್ಯಾಂಪಲ್ ಹಿಡಿದುಕೊಂಡು ಅವರ ಮನೆಗೆ ಹೋಗುತ್ತಿದ್ದೆ. ಭಾನುವಾರ ಚಿಕ್ಕಮಗಳೂರಿನಲ್ಲಿ ಕಂಪ್ಯೂಟರ್ ಕ್ಲಾಸ್. ಅಲ್ಲಿ ಕಲಿತ ಎಕ್ಸೆಲ್‌ನಲ್ಲಿ ಇದನ್ನೇ ಟೇಬಲ್ ಮಾಡಿದೆ. ಜನವರಿ ಮುಗಿಯುವಾಗ ನನ್ನ ಹತ್ತಿರ ಒಂದೇ ಒಂದು ಪುಟ ಇತ್ತು. ಅದರಲ್ಲಿ ಅವರು ‘ಇಲ್ಲ’ ಎಂದಿದ್ದ ಎರಡೂ ಇದ್ದವು.

ನಿಮ್ಮ ಕ್ಷೇತ್ರ ಬೇರೆ ಇರಬಹುದು. ಬಿ.ಕಾಂ. ಆಗಿದ್ದರೆ ಪರಿಚಯದ ಅಂಗಡಿಯವರ ಮೂರು ತಿಂಗಳ ಬಿಲ್‌ಗಳನ್ನು ಟ್ಯಾಲಿಯಲ್ಲಿ ಹಾಕಿಕೊಡಿ. ರೆಸಾರ್ಟ್ ಕೆಲಸ ಬೇಕಾದರೆ ಗೊತ್ತಿರುವವರ ಹೋಂಸ್ಟೇನಲ್ಲಿ ನಾಲ್ಕು ವಾರಾಂತ್ಯ ಬುಕಿಂಗ್ ನೋಡಿಕೊಳ್ಳಿ. ಪದವಿ, ಡಿಪ್ಲೊಮಾ ಆದವರಿಗೆ ಕೇಂದ್ರದ ನ್ಯಾಟ್ಸ್ ಅಪ್ರೆಂಟಿಸ್ ಯೋಜನೆ ಇದೆ, ಐ.ಟಿ.ಐ. ಆದವರಿಗೆ ನ್ಯಾಪ್ಸ್. ಕಾಫಿ ಉದ್ಯಮಕ್ಕೇ ಬರುವವರಿಗೆ ಕಾಫಿ ಬೋರ್ಡ್ ಬೆಂಗಳೂರಿನಲ್ಲಿ ‘ಕಾಪಿ ಶಾಸ್ತ್ರ’ ಎಂಬ ಸಣ್ಣ ತರಬೇತಿ ನಡೆಸುತ್ತದೆ, ಕ್ವಾಲಿಟಿ ಬಗ್ಗೆ ಪಿ.ಜಿ. ಡಿಪ್ಲೊಮಾ ಕೂಡ ಇದೆ.

ಖರ್ಚಿನ ಮಾತು. ಹೊಸದಾಗಿ ಪಾಸಾಗಿ 180 ದಿನವಾದರೂ ಕೆಲಸ ಸಿಗದವರಿಗೆ ರಾಜ್ಯದ ಯುವನಿಧಿಯಲ್ಲಿ ಪದವೀಧರರಾದರೆ ತಿಂಗಳಿಗೆ 3000, ಡಿಪ್ಲೊಮಾ ಆದರೆ 1500 ರೂಪಾಯಿ, ಗರಿಷ್ಠ ಎರಡು ವರ್ಷ. ಮುಂದೆ ಓದುತ್ತಿರುವವರಿಗೆ, ಅಪ್ರೆಂಟಿಸ್ ವೇತನ ಪಡೆಯುವವರಿಗೆ ಇದು ಸಿಗುವುದಿಲ್ಲ. ಹೆಣ್ಣುಮಕ್ಕಳಿಗೆ 2023ರ ಜೂನ್‌ನಿಂದ ಸಾಮಾನ್ಯ ಸಾರಿಗೆ ಬಸ್ಸು ಉಚಿತ. ನಾನು ಆ ಏಳು ತಿಂಗಳು ಬಸ್ ಚಾರ್ಜಿಗೆ ಅಮ್ಮನ ಸಾಸಿವೆ ಡಬ್ಬಿಗೆ ಕೈ ಹಾಕಿದ್ದೆ!

ಮತ್ತೆ ಹೋಗುವುದು ಯಾವಾಗ?

ಆಯ್ಕೆಯಾದವರು ಕೆಲಸಕ್ಕೆ ಬಂದೇ ಬರುತ್ತಾರೆ ಎಂದೇನಿಲ್ಲ. ಬಂದವರೂ ನಿಲ್ಲುತ್ತಾರೆ ಎಂದೇನಿಲ್ಲ. ಬೆಂಗಳೂರಿನಿಂದ ಬಂದ ಎಷ್ಟೋ ಹುಡುಗರು ಒಂದು ಜುಲೈ ಮಳೆ ನೋಡಿ ವಾಪಸ್ ಬಸ್ ಹತ್ತಿದ್ದಾರೆ. ಹಾಗಾಗಿ ‘ಇಲ್ಲ’ ಎಂದ ಮೂರು ನಾಲ್ಕು ವಾರಕ್ಕೆ ಒಂದು ಸಣ್ಣ ಮೆಸೇಜ್ ಹಾಕುವುದು ಒಳ್ಳೆಯದು. ಅದಾದ ಮೇಲೆ ಕೈಯಲ್ಲಿ ಹೊಸದಿದ್ದಾಗ ಮಾತ್ರ.

ಪ್ರತಿ ಕಸುಬಿಗೂ ಒಂದು ಪಂಚಾಂಗ ಇದೆ. ಶಾಲೆಗಳಿಗೆ ಏಪ್ರಿಲ್–ಮೇ. ತೋಟಗಳಿಗೆ ಕೊಯ್ಲಿಗೆ ಮುಂಚೆ, ಅಂದರೆ ಸೆಪ್ಟೆಂಬರ್–ಅಕ್ಟೋಬರ್. ಆಡಿಟರ್ ಆಫೀಸಿಗೆ ಜನ ಬೇಕಾಗುವುದು ಜುಲೈನ ಆದಾಯ ತೆರಿಗೆ ಗಡಿಬಿಡಿಗೆ ಮೊದಲು. ದಿನವನ್ನೂ ನೋಡಿ. ಜಿ.ಎಸ್.ಟಿ. ರಿಟರ್ನ್ ಕೊನೆ ದಿನಗಳಾದ 11 ಮತ್ತು 20ನೇ ತಾರೀಖಿನ ಹಿಂದೆ ಮುಂದೆ ಆಡಿಟರಿಗೆ ಫೋನ್ ಮಾಡಿದರೆ ಬೈಸಿಕೊಳ್ಳುತ್ತೀರಿ. ಎಸ್ಟೇಟಿಗೆ ಕೂಲಿ ಬಟವಾಡೆ ದಿನ ಹೋಗಬೇಡಿ. ರೆಸಾರ್ಟಿಗೆ ಶುಕ್ರವಾರದಿಂದ ಭಾನುವಾರದವರೆಗೆ ಬೇಡವೇ ಬೇಡ. ಮಂಗಳವಾರ ಹನ್ನೊಂದು ಗಂಟೆಗೆ ಮ್ಯಾನೇಜರ್ ಕಾಫಿ ಕುಡಿಯುತ್ತಾ ಕೂತಿರುತ್ತಾರೆ.

ಯಾರನ್ನು ಹಿಡಿಯುವುದು?

‘ಒಳಗೆ ಯಾರಾದ್ರೂ ಗೊತ್ತಾ?’ ಹಾಸನದಲ್ಲೂ ಇದೇ ಪ್ರಶ್ನೆ, ಚಿಕ್ಕಮಗಳೂರಲ್ಲೂ ಇದೇ ಪ್ರಶ್ನೆ. ವಶೀಲಿಗೂ ಪರಿಚಯಕ್ಕೂ ವ್ಯತ್ಯಾಸ ಇದೆ. ‘ಅಣ್ಣಾ, ಕೆಲಸ ಕೊಡಿಸಿ’ ಎಂದರೆ ಅವರಿಗೆ ಭಾರ. ‘ಅಣ್ಣಾ, ನಿಮ್ಮಲ್ಲಿ ಈಗ ಯಾವ ವಿಭಾಗಕ್ಕೆ ಜನ ಬೇಕು? ಯಾರಿಗೆ ಮೇಲ್ ಹಾಕ್ಲಿ?’ ಎಂದರೆ ಎರಡು ನಿಮಿಷದ ಮಾತು. ನಿಮ್ಮ ಕಾಲೇಜಿನ ಸೀನಿಯರ್‌ಗಳನ್ನು ಕೇಳಿ. ಹಾಸನದ ಕೈಗಾರಿಕಾ ಪ್ರದೇಶದ ಕಡೆ ಪ್ರಯತ್ನಿಸುವವರು ಗೇಟಿನ ಸೆಕ್ಯುರಿಟಿಯವರನ್ನು ಮರೆಯಬೇಡಿ. ಯಾರು ಕೆಲಸ ಬಿಟ್ಟರು ಎಂಬುದು ಎಚ್.ಆರ್.ಗಿಂತ ಮೊದಲು ಅವರಿಗೆ ಗೊತ್ತಿರುತ್ತದೆ. ಜಿಲ್ಲಾ ಉದ್ಯೋಗ ವಿನಿಮಯ ಕೇಂದ್ರದಲ್ಲೂ ಕೇಂದ್ರ ಸರ್ಕಾರದ ಎನ್.ಸಿ.ಎಸ್. (ನ್ಯಾಷನಲ್ ಕರಿಯರ್ ಸರ್ವಿಸ್) ಪೋರ್ಟಲ್‌ನಲ್ಲೂ ಹೆಸರು ಹಾಕಿಡಿ, ದುಡ್ಡು ಕೊಡಬೇಕಾಗಿಲ್ಲ.

ನಾನು ಮಾಡಿದ ತಪ್ಪು ಇಲ್ಲಿದೆ. ದೂರದ ಸಂಬಂಧಿಯೊಬ್ಬರಿಂದ ಮ್ಯಾನೇಜರಿಗೆ ಫೋನ್ ಮಾಡಿಸಿದ್ದೆ. ಅವರು ‘ನಮ್ಮ ಹುಡುಗಿ, ನೋಡಿಕೊಳ್ಳಿ’ ಎಂದು ಸ್ವಲ್ಪ ಜೋರಾಗಿಯೇ ಹೇಳಿದರಂತೆ. ಆಮೇಲೆ ಎರಡು ತಿಂಗಳು ನನ್ನ ಯಾವ ಮೇಲ್‌ಗೂ ಉತ್ತರ ಇಲ್ಲ.

ಫೋನಿನಲ್ಲಿ ಅರ್ಧ ನಿಮಿಷ

ಮೇಲ್ ಕಳಿಸಿ ಐದಾರು ದಿನ ಬಿಟ್ಟು ಒಂದು ಫೋನ್. ಹೆಸರು, ಯಾವ ಕೆಲಸ, ಹೊಸದೇನು, ಏನು ಬೇಕು. ‘ನಮಸ್ಕಾರ ಸರ್, ಆಗಸ್ಟ್‌ನಲ್ಲಿ ಲ್ಯಾಬ್ ಕೆಲಸಕ್ಕೆ ಅರ್ಜಿ ಹಾಕಿದ್ದೆ. ಅನುಭವ ಬೇಕು ಅಂದಿದ್ರಿ. ಈ ಸೀಸನ್ ತೋಟದಲ್ಲಿ ಒಣಗಿಸೋ ಲೆಕ್ಕ ಬರೆದಿದ್ದೀನಿ, ಒಂದು ಪುಟ ಮೇಲ್ ಮಾಡಿದ್ದೀನಿ. ಹತ್ತು ನಿಮಿಷ ಬಂದು ತೋರಿಸಬಹುದಾ?’ ಕೆಲಸ ಕೇಳಬೇಡಿ, ಹತ್ತು ನಿಮಿಷ ಕೇಳಿ. ಬಾಯಿಪಾಠ ಆಗಿದ್ದರೂ ಚೀಟಿ ಮುಂದಿಟ್ಟುಕೊಳ್ಳಿ. ನಾನು ನನ್ನ ಹೆಸರನ್ನೇ ಮರೆತಿದ್ದೆ.

ಮೂರು ಸಲ ಹೊಸದು ಹಿಡಿದು ಹೋದ ಮೇಲೂ ಉತ್ತರ ಇಲ್ಲವೆಂದರೆ ಆ ಬಾಗಿಲು ಬಿಡಿ. ‘ಇನ್ನು ಫೋನ್ ಮಾಡಬೇಡಿ’ ಎಂದರೆ ಅವತ್ತೇ ಬಿಡಿ. ಅಷ್ಟರಲ್ಲಿ ನಿಮ್ಮ ಆ ಒಂದು ಪುಟ ಬೇರೆ ನಾಲ್ಕು ಕಡೆ ಹೋಗಿರಬೇಕು. ಒಂದೇ ಕಂಪನಿಯನ್ನು ಕಾಯುತ್ತಾ ಕೂತರೆ ಆಗದು. ಸರ್ಕಾರಿ ಹುದ್ದೆಗೆ ಈ ಯಾವ ಉಪಾಯವೂ ನಡೆಯುವುದಿಲ್ಲ, ಅಲ್ಲಿ ಅಂಕ, ಮೀಸಲಾತಿ, ಪಟ್ಟಿ.

ಎಚ್ಚರಿಕೆ ಒಂದು: ಒಮ್ಮೆ ‘ಇಲ್ಲ’ ಎನ್ನಿಸಿಕೊಂಡವರನ್ನು ಹುಡುಕುವ ಮೋಸಗಾರರಿದ್ದಾರೆ. ‘ನಿಮ್ಮ ಅರ್ಜಿ ಮತ್ತೆ ಓಕೆ ಆಗಿದೆ, ಇಂಟರ್‌ವ್ಯೂ ಡೆಪಾಸಿಟ್ ಕಟ್ಟಿ’ ಎಂದು ಮೆಸೇಜ್ ಬಂದರೆ ಒಂದು ರೂಪಾಯಿಯೂ ಹಾಕಬೇಡಿ. ಹಾಕಿಬಿಟ್ಟಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಕರೆದರು, ಈಗ?

ಒರಿಜಿನಲ್ ಮಾರ್ಕ್ಸ್ ಕಾರ್ಡ್, ಎರಡು ಸೆಟ್ ಜೆರಾಕ್ಸ್, ಆ ಒಂದು ಪುಟದ ಮೂರು ಪ್ರತಿ ಒಯ್ಯಿರಿ. ಘಾಟಿ ದಾಟಿ ಬರುವವರು ಒಂದು ಬಸ್ಸು ಮುಂಚೆಯೇ ಹತ್ತಿ. ನಾನು ಹಾಗೆ ಹೊರಟು ಒಂದೂವರೆ ಗಂಟೆ ಮೊದಲೇ ತಲುಪಿ, ಗೇಟಿನ ಎದುರಿನ ಅಂಗಡಿಯಲ್ಲಿ ಬೇಡದಿದ್ದರೂ ಎರಡು ಕಾಫಿ ಕುಡಿದೆ.

ಮ್ಯಾನೇಜರ್ ನನ್ನ ಮುಖ ನೋಡಿದ್ದು ಅದೇ ಮೊದಲು. ‘ನೀನೇನಮ್ಮ, ಬಿಡದೆ ಮೇಲ್ ಹಾಕ್ತಾ ಇದ್ದೋಳು?’ ಎಂದರು. ಬಯೋಡೇಟಾ ಮುಟ್ಟಲಿಲ್ಲ. ನನ್ನ ಟೇಬಲ್ ಓದಿ, ಡಿಸೆಂಬರಿನ ಒಂದು ಲಾಟ್ ಒಣಗಲು ಯಾಕೆ ನಾಲ್ಕು ದಿನ ಜಾಸ್ತಿ ಹಿಡಿಯಿತು ಎಂದು ಕೇಳಿದರು. ಮೋಡ ಇತ್ತು, ಜೊತೆಗೆ ಕಣದಲ್ಲಿ ದಪ್ಪ ಹರವಿದ್ದರು ಎಂದೆ. ಒಂದು ಹಿಡಿ ಬೀಜ ಮೇಜಿನ ಮೇಲೆ ಸುರಿದು ಪೀಬೆರಿ ಆರಿಸು ಎಂದರು. ದುಂಡಗಿದ್ದದ್ದನ್ನೆಲ್ಲ ಪಕ್ಕಕ್ಕೆ ತೆಗೆದೆ. ‘ಬಿಬಿಬಿ ಅಂದ್ರೇನು?’ ಎಂದರು. ಗೊತ್ತಿಲ್ಲ ಸರ್ ಎಂದೆ. ಕರಿ ಬೀಜ, ಕಂದು ಬೀಜ, ಚೂರು ಎಂದು ಅವರೇ ಆರಿಸಿ ತೋರಿಸಿದರು. ಆಮೇಲೆ ಬೀಜವನ್ನೆಲ್ಲ ಅಂಗೈಯಲ್ಲಿ ಒಟ್ಟುಮಾಡಿ ಡಬ್ಬಿಗೆ ಹಾಕುತ್ತಾ, ‘ಸೋಮವಾರ ಬಾ. ಊಟದ ಡಬ್ಬಿ ತಗೊಂಡು ಬಾ, ಇಲ್ಲಿ ಕ್ಯಾಂಟೀನ್ ಇಲ್ಲ’ ಎಂದರು.