ಬಿಸಿಲಲ್ಲಿ ಹುಟ್ಟುವ ಓಝೋನ್: ಹೊತ್ತು ನೋಡಿ ಕೆಲಸ ಹೊಂದಿಸಿಕೊಳ್ಳುವ ಬಗೆ

ನೆಲದ ಹತ್ತಿರದ ಗಾಳಿಯಲ್ಲಿ ಉಸಿರಿಗೆ ಕೆಡುಕು ಮಾಡುವ ಓಝೋನ್ ಅನಿಲ ಯಾವ ಸೈಲೆನ್ಸರಿನಿಂದಲೂ ನೇರವಾಗಿ ಬರುವುದಿಲ್ಲ. ಗಾಡಿ, ಜನರೇಟರ್, ಬಾಯ್ಲರ್ ಉಗುಳುವ ನೈಟ್ರೋಜನ್ ಆಕ್ಸೈಡ್ ಮತ್ತು ಪೆಟ್ರೋಲ್, ಥಿನ್ನರ್, ಸುಟ್ಟ ಕಸದಿಂದ ಏಳುವ ಆವಿ, ಇವೆರಡೂ ಬಿಸಿಲಿಗೆ ಸಿಕ್ಕಾಗ ಅದು ಗಾಳಿಯಲ್ಲೇ ತಯಾರಾಗುತ್ತದೆ. ಇದಕ್ಕೆ ಕೆಲವು ತಾಸು ಬೇಕು. ಹೀಗಾಗಿ ಬೆಳಿಗ್ಗೆ ಒಂಬತ್ತರ ದಟ್ಟಣೆಯ ಹೊಗೆ ಎದೆಗೆ ತಾಗುವುದು ಮಧ್ಯಾಹ್ನ ಒಂದರಿಂದ ನಾಲ್ಕರೊಳಗೆ.

ಮೊದಲು ಆಕಾಶ ನೋಡಿ. ಮೋಡವಿಲ್ಲ, ಬೇವಿನ ಎಲೆಯೂ ಅಲುಗುತ್ತಿಲ್ಲ, ಹತ್ತಕ್ಕೇ ಬಿಸಿಲು ಚುರುಗುಟ್ಟುತ್ತಿದೆ ಎಂದರೆ ಅಂದು ಎಚ್ಚರ ಬೇಕು. ಫೆಬ್ರುವರಿಯಿಂದ ಮೇ ತನಕ ಇಂಥ ದಿನಗಳು ಹೆಚ್ಚು. ಜೂನ್ ಬಂದರೆ ಓಝೋನ್ ಇಳಿಯುತ್ತದೆ. ಮಳೆ ಅದನ್ನು ತೊಳೆಯುತ್ತದೆ ಎಂದು ಹಲವರು ತಿಳಿದಿದ್ದಾರೆ, ಆದರೆ ಓಝೋನ್ ನೀರಿನಲ್ಲಿ ಅಷ್ಟಾಗಿ ಕರಗದು. ಮೋಡ ಬಿಸಿಲನ್ನು ತಡೆಯುವುದು, ಪಡುವಣ ಗಾಳಿ ಹೊಗೆಯನ್ನು ಚದುರಿಸುವುದು, ಇವೇ ನಿಜವಾದ ಕಾರಣ.

ಆಮೇಲೆ ಅಂಕಿ ನೋಡಿ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮೀರ್ ಆ್ಯಪ್ ತೆರೆದು ನಿಮಗೆ ಹತ್ತಿರದ ಮಾಪನ ಕೇಂದ್ರ ಆರಿಸಿ. ದೊಡ್ಡದಾಗಿ ಕಾಣುವ ಎಕ್ಯೂಐ (ಗಾಳಿಯ ಗುಣಮಟ್ಟದ ಸೂಚ್ಯಂಕ) ಅಂಕಿಗೆ ನಿಲ್ಲಬೇಡಿ. ಅದು ಆ ಹೊತ್ತಿಗೆ ಅತಿ ಕೆಟ್ಟ ಒಂದೇ ಮಾಲಿನ್ಯಕಾರಕದ್ದು, ನಮ್ಮ ಕಡೆ ಬಹಳ ಸಲ ಧೂಳಿನದು. ಕೆಳಗೆ ಓಝೋನಿನ ಸಾಲು ಹುಡುಕಿ. 2009ರ ರಾಷ್ಟ್ರೀಯ ಮಾನಕದಂತೆ ಘನ ಮೀಟರಿಗೆ ಎಂಟು ತಾಸಿನ ಸರಾಸರಿ 100 ಮೈಕ್ರೋಗ್ರಾಂ, ಒಂದು ತಾಸಿನದು 180 ಮೀರಬಾರದು. ಬೇರೆಲ್ಲಾದರೂ ಪಿಪಿಬಿಯಲ್ಲಿ (ನೂರು ಕೋಟಿಯಲ್ಲಿ ಎಷ್ಟು ಪಾಲು ಎಂಬ ಅಳತೆ) ಕೊಟ್ಟಿದ್ದರೆ ಮೈಕ್ರೋಗ್ರಾಂ ಲೆಕ್ಕಕ್ಕೆ ಹೆಚ್ಚುಕಡಿಮೆ ಎರಡರಿಂದ ಗುಣಿಸಿ. ಎಂಟು ತಾಸಿನ ಸರಾಸರಿಯಲ್ಲಿ ಬೆಳಗಿನ ಕಡಿಮೆ ಅಂಕಿಗಳೂ ಸೇರಿರುತ್ತವೆ, ಆದ್ದರಿಂದ ಹನ್ನೆರಡಕ್ಕೆ ಅದು ಕಡಿಮೆ ಕಂಡಿತೆಂದು ನಂಬಿ ಹೊರಡಬೇಡಿ.

ಎಡವುವುದು ಇನ್ನೊಂದು ಕಡೆ ಇದೆ. ಹುಬ್ಬಳ್ಳಿಯ ಚೆನ್ನಮ್ಮ ವೃತ್ತದಂಥ ದಟ್ಟಣೆಯ ಜಾಗದಲ್ಲಿ ಓಝೋನ್ ಕಡಿಮೆ ಇರಬಹುದು. ಆಗಷ್ಟೇ ಹೊರಬಿದ್ದ ನೈಟ್ರಿಕ್ ಆಕ್ಸೈಡ್ (ನೈಟ್ರೋಜನ್ ಆಕ್ಸೈಡುಗಳಲ್ಲೊಂದು) ಅದನ್ನು ತಿಂದುಹಾಕುತ್ತದೆ, ಗಾಳಿ ಚೊಕ್ಕಟವಾಗಿದೆಯೆಂದು ಇದರರ್ಥವಲ್ಲ. ಅದೇ ಹೊಗೆ ಗಾಳಿಯ ಜೊತೆ ಸಾಗಿ ಊರ ಹೊರಗೆ ಓಝೋನ್ ಆಗುತ್ತದೆ. ಪಡುವಣ ಗಾಳಿಯಿದ್ದರೆ ಹುಬ್ಬಳ್ಳಿಯ ಹೊಗೆ ಹೋಗುವುದು ಅಣ್ಣಿಗೇರಿ, ಗದಗಿನ ದಿಕ್ಕಿಗೆ. ಹೊಲದಲ್ಲಿ ಇರುವವರಿಗೂ ಇದು ಸಂಬಂಧಿಸಿದ್ದು: ಗೋಧಿ, ಸೋಯಾಬೀನ್ ಓಝೋನಿಗೆ ಬೇಗ ಸೋಲುವ ಬೆಳೆಗಳು.

ನಮ್ಮ ಕೈಲಿರುವುದು ಹೊಗೆ ಮತ್ತು ಆವಿ. ಪೆಟ್ರೋಲನ್ನು ಹೊತ್ತು ಮುಳುಗಿದ ಮೇಲೆ ಹಾಕಿಸಿ. ನಳಿಗೆ ತಾನೇ ಕಟ್ಟಾದ ಮೇಲೆ ರೌಂಡ್ ಫಿಗರ್ ಮಾಡಲೆಂದು ಮತ್ತೆ ಒತ್ತಿಸಬೇಡಿ. ಟ್ಯಾಂಕಿನ ಮುಚ್ಚಳ ತಿರುವಿ ಅದರ ರಬ್ಬರ್ ವಾಶರ್ ನೋಡಿ: ಬಿರುಕು ಬಿಟ್ಟು ಗಟ್ಟಿಯಾಗಿದ್ದರೆ ಬಿಸಿಲಲ್ಲಿ ನಿಂತ ಗಾಡಿಯಿಂದ ದಿನವಿಡೀ ಆವಿ ಸೋರುತ್ತಿರುತ್ತದೆ, ಬದಲಿಸಿ. ಬಣ್ಣ, ಪಾಲಿಶ್ ಕೆಲಸ ಸಂಜೆಗಿರಲಿ, ಥಿನ್ನರ್ ಡಬ್ಬಿಯ ಮುಚ್ಚಳ ಬಿಗಿದಿರಲಿ. ಹತ್ತಿಕಟಗಿ, ಗೋವಿನಜೋಳದ ದಂಟು ಮಾತ್ರ ಯಾವ ಹೊತ್ತಿನಲ್ಲೂ ಸುಡಬೇಡಿ, ಕತ್ತರಿಸಿ ಮಣ್ಣಿಗೆ ಸೇರಿಸಿ.

ಎನ್95 ಮಾಸ್ಕ್ ಧೂಳು ತಡೆಯುತ್ತದೆ, ಓಝೋನ್ ಅನಿಲವನ್ನಲ್ಲ. ದಮ್ಮು ಇರುವವರು, ಮಕ್ಕಳು, ವಯಸ್ಸಾದವರು ಹನ್ನೆರಡರಿಂದ ಐದರವರೆಗೆ ಓಟ, ಆಟ, ಭಾರದ ಕೆಲಸ ಬಿಡಲಿ. ಆ ಹೊತ್ತಿನಲ್ಲಿ ಕಿಟಕಿ ಮುಚ್ಚಿ, ಒಳಬಂದ ಓಝೋನ್ ಗೋಡೆ, ಬಟ್ಟೆಗೆ ತಾಗಿ ಬೇಗ ಒಡೆಯುತ್ತದೆ. ಒಲೆ ಉರಿಯುವ ಅಡುಗೆಮನೆಯ ಕಿಟಕಿಯನ್ನು ಮಾತ್ರ ತೆರೆದೇ ಇಡಿ.