ಹತ್ತು ಸೆಂಟಿಮೀಟರ್‌ಗೆ ಮಾಯವಾದ ಬಿಂಬ

ಹತ್ತನೇ ತರಗತಿಯ ಬೆಳಕಿನ ಪಾಠದಲ್ಲಿ ನಿಮ್ನ ದರ್ಪಣಕ್ಕೆ, ಅಂದರೆ ಒಳಬಾಗಿದ ಕನ್ನಡಿಗೆ, ಆರು ರೇಖಾಚಿತ್ರ. ವಸ್ತು ಅನಂತ ದೂರದಲ್ಲಿ, ಸಿ (ಕನ್ನಡಿ ಯಾವ ಗೋಳದ ತುಣುಕೋ ಅದರ ಕೇಂದ್ರ) ಆಚೆ, ಸಿಯಲ್ಲಿ, ಸಿ ಮತ್ತು ಎಫ್ (ಸಮಾಂತರ ಕಿರಣಗಳು ಸೇರುವ ಸಂಗಮ ಬಿಂದು) ನಡುವೆ, ಎಫ್‌ನಲ್ಲಿ, ಎಫ್‌ಗಿಂತ ಹತ್ತಿರ. ನಮ್ಮ ಮಕ್ಕಳು ಆರನ್ನೂ ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಚೆಂದಾಗಿ ಬಿಡಿಸುತ್ತಿದ್ದರು. ಒಂದೇ ಕನ್ನಡಿಯ ಕಡೆಗೆ ಒಂದೇ ಮೇಣದಬತ್ತಿ ನಡೆದು ಬಂದರೆ ಈ ಆರೂ ಸಾಲಾಗಿ ಬರುತ್ತವೆ ಅನ್ನುವುದು ಮಾತ್ರ ಯಾರಿಗೂ ಹೊಳೆದಿರಲಿಲ್ಲ. ಆ ನಡಿಗೆಯನ್ನು ತೋರಿಸಬೇಕು ಅಂತ ನಾನು ಜಿಯೋಜೀಬ್ರಾ ಅನ್ನುವ ಗಣಿತದ ತಂತ್ರಾಂಶ ಹಿಡಿದು ಕೂತೆ.

ಫೆಟ್ (PhET) ಅನ್ನುವ ವಿಜ್ಞಾನದ ಜಾಲತಾಣದಲ್ಲಿ ಸಿದ್ಧ ಸಿಮ್ಯುಲೇಶನ್ ಇದೆ, ಚೆನ್ನಾಗಿಯೂ ಇದೆ, ಪೆನ್‌ಡ್ರೈವ್‌ಗೆ ಹಾಕಿಕೊಂಡು ಹೋಗಬಹುದು. ಆದರೆ ಪರದೆಯ ಮೇಲೆ ನಮ್ಮ ಪುಸ್ತಕದ ಪದಗಳೇ ಬೇಕಿತ್ತು, ಬೋರ್ಡಿನ ಮೇಲೆ ಬಿಡಿಸುವ ಲೆಕ್ಕದ ಅಂಕಿಗಳೇ ಬೇಕಿತ್ತು. ಜಿಯೋಜೀಬ್ರಾ ಉಚಿತ, ನೆಟ್ ಇಲ್ಲದೆಯೂ ಓಡುತ್ತದೆ. ಹಾವೇರಿ ಕಡೆಯ ಹಳ್ಳಿ ಶಾಲೆಗೆ ಇದು ಸಣ್ಣ ಮಾತಲ್ಲ.

ಸಂಗಮ ದೂರ, ಅಂದರೆ ಕನ್ನಡಿಯಿಂದ ಎಫ್ ಇರುವ ದೂರ, 10 ಸೆಂ.ಮೀ. ಇಟ್ಟೆ. ವಸ್ತುವಿನ ದೂರಕ್ಕೆ ಒಂದು ಸ್ಲೈಡರ್. ಧನ-ಋಣ ಚಿಹ್ನೆಗಳ ಗೋಜು ಬೇಡವೆಂದು ಬಿಂಬದ ದೂರಕ್ಕೆ ನೇರ ಸೂತ್ರ ಕೊಟ್ಟೆ: ವಸ್ತುದೂರವನ್ನು 10ರಿಂದ ಗುಣಿಸಿ, ವಸ್ತುದೂರದಲ್ಲಿ 10 ಕಳೆದು ಬಂದದ್ದರಿಂದ ಭಾಗಿಸುವುದು. ವಸ್ತು 15ರಲ್ಲಿದ್ದರೆ ಬಿಂಬ 30ರಲ್ಲಿ, 20ಕ್ಕೆ 20. ಇಷ್ಟಕ್ಕೆ ಒಂದು ಸಂಜೆ ಸಾಕಾಯಿತು.

ಕಿರಣಗಳು ಎರಡು ಸಂಜೆ ತಿಂದವು. 20 ಸೆಂ.ಮೀ. ತ್ರಿಜ್ಯದ ಕಮಾನು ಎಳೆದು, ಅದರ ಮೇಲೆಯೇ ನಿಜವಾದ ಪ್ರತಿಫಲನ ಮಾಡಿಸಿದೆ. ಕಿರಣಗಳು ಸೂತ್ರ ಹೇಳಿದ ಜಾಗದಲ್ಲಿ ಸೇರಲೇ ಇಲ್ಲ. ಅಕ್ಷದಿಂದ 8 ಸೆಂ.ಮೀ. ಮೇಲೆ ಬಂದ ಸಮಾಂತರ ಕಿರಣ 10ರಲ್ಲಿ ದಾಟಬೇಕಾದ ಅಕ್ಷವನ್ನು ಸುಮಾರು 9.1ರಲ್ಲೇ ದಾಟಿತು. ನನ್ನದೇ ತಪ್ಪು ಅಂತ ಅಳಿಸಿ ಅಳಿಸಿ ಮಾಡಿದೆ. ತಪ್ಪು ಎಲ್ಲೂ ಇರಲಿಲ್ಲ. ಸೂತ್ರ ಹೊಂದುವುದು ಅಕ್ಷಕ್ಕೆ ಹತ್ತಿರದ ಕಿರಣಗಳಿಗೆ ಮಾತ್ರ. ಚಿಕ್ಕ ದ್ಯುತಿರಂಧ್ರದ (ಬೆಳಕು ಬೀಳುವ ಅಗಲ ಕಡಿಮೆ ಇರುವ) ದರ್ಪಣ ಎಂದು ಇಷ್ಟು ವರ್ಷ ಒಂದೇ ಉಸಿರಲ್ಲಿ ಓದಿಸಿ ಮುಂದೆ ಹೋಗುತ್ತಿದ್ದೆನಲ್ಲ, ಆ ಮಾತಿನ ಅರ್ಥ ನನಗೇ ತಿಳಿದದ್ದು ಅವತ್ತು! ಕೊನೆಗೆ ಧ್ರುವದ, ಅಂದರೆ ಕನ್ನಡಿಯ ನಡುಬಿಂದುವಿನ, ಮೂಲಕ ಕಾಣದಂತೆ ಒಂದು ನೇರ ಗೆರೆ ಎಳೆದು, ಕಿರಣಗಳನ್ನು ಅಲ್ಲಿಂದ ತಿರುಗಿಸಿದೆ. ಕಮಾನು ಬರೀ ಅಲಂಕಾರಕ್ಕೆ. ಈ ಮೋಸವನ್ನು ಮಕ್ಕಳಿಗೂ ಹೇಳಿದ್ದೇನೆ.

ಇನ್ನೊಂದು ಎಡವಟ್ಟು: ಹೆಸರುಗಳನ್ನು ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಫಾಂಟ್‌ನಲ್ಲಿದ್ದ ನನ್ನ ನೋಟ್ಸಿನಿಂದ ಹಾಗೇ ಅಂಟಿಸಿದ್ದೆ. ಶಾಲೆಯ ಲ್ಯಾಪ್‌ಟಾಪಿನಲ್ಲಿ ಎಲ್ಲ ಚಿತ್ರವಿಚಿತ್ರ ಅಕ್ಷರ. ಯೂನಿಕೋಡ್‌ನಲ್ಲಿ ಮತ್ತೆ ಟೈಪ್ ಮಾಡಬೇಕಾಯಿತು.

ತರಗತಿಯಲ್ಲಿ ಮೊದಲು ಸ್ಟೀಲ್ ಚಮಚ, ಆಮೇಲೆ ಲ್ಯಾಬಿನ ಕನ್ನಡಿ, ಕೊನೆಗೆ ಪ್ರೊಜೆಕ್ಟರ್. ಒಬ್ಬ ಹುಡುಗ ಸ್ಲೈಡರ್ ಎಳೆಯುತ್ತಾ ಸರಿಯಾಗಿ 10ಕ್ಕೆ ತಂದ. ಬಿಂಬ ಮಾಯ. ಅಂಕಿಯ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆ.

‘ಟೀಚರ್, ಹ್ಯಾಂಗ್ ಆತ್ರಿ!’

ಅಲ್ಲಿ ನನ್ನ ಸೂತ್ರ ಸೊನ್ನೆಯಿಂದ ಭಾಗಿಸಬೇಕಾಗುತ್ತದೆ, ಅದಕ್ಕೇ ಹಾಗಾದದ್ದು. ಮನೆಯಲ್ಲಿ ನಾನು ಅದನ್ನು ನೋಡಿದ್ದೆ, ‘ಬಿಂಬ ಅನಂತ ದೂರದಲ್ಲಿ’ ಅಂತ ಬರೆದು ಮುಚ್ಚಬೇಕು ಅಂದುಕೊಂಡಿದ್ದೆ, ಮರೆತಿದ್ದೆ. ಮರೆತದ್ದೇ ಒಳ್ಳೆಯದಾಯಿತು. ಸ್ವಲ್ಪ ಹಿಂದಕ್ಕೆ ಎಳಿ ಅಂದೆ. 11ಕ್ಕೆ 110 ಬಂತು. 10.1ಕ್ಕೆ 1010. ‘ಅಂದ್ರ ಹತ್ತು ಮೀಟರ್ರಿ?’ ಅಂದಳು ಮುಂದಿನ ಬೆಂಚಿನ ಹುಡುಗಿ. ಟೇಪ್ ಹಿಡಿದುಕೊಂಡು ಹೊರಟೆವು. ಬಾಗಿಲು ದಾಟಿ, ವರಾಂಡ ದಾಟಿ, ಅಂಗಳದ ಮಧ್ಯಕ್ಕೆ ಬಂತು ಹತ್ತು ಮೀಟರ್. ‘ಇನ್ನೊಂದು ಕೂದಲೆಳೆ ಹತ್ತಿರ ತಂದ್ರ?’ ಅಂತ ಯಾರೋ ಕೇಳಿದರು. ಮಕ್ಕಳೆಲ್ಲ ಗೇಟಿನ ಕಡೆ ನೋಡಿದರು.

ಒಳಗೆ ಬಂದು 5ಕ್ಕೆ ಇಟ್ಟಾಗ ಬಿಂಬ ಕನ್ನಡಿಯ ಹಿಂದೆ, ನೇರವಾಗಿ, ಎರಡು ಪಟ್ಟು ದೊಡ್ಡದಾಗಿ ನಿಂತಿತು. ಆಚೆ ಹೋದದ್ದು ಹಿಂದಿನಿಂದ ಹೆಂಗ ಬಂತು ಅಂತ ಗಲಾಟೆ ಶುರುವಾಗುವಷ್ಟರಲ್ಲಿ ಬೆಲ್ ಹೊಡೆಯಿತು.

ಮರುವಾರ ಫೈಲನ್ನು ಬದಲಿಸಿದೆ. ಈಗ ಬಿಂಬ ಮೊದಲು ಕಾಣುವುದಿಲ್ಲ. ಮಗು ತನ್ನ ಊಹೆಯ ಜಾಗಕ್ಕೆ ಒಂದು ಕೆಂಪು ಚುಕ್ಕೆ ಎಳೆದಿಟ್ಟು, ಆಮೇಲೆ ‘ತೋರಿಸು’ ಒತ್ತಬೇಕು. 10ರ ಪ್ರಶ್ನಾರ್ಥಕ ಚಿಹ್ನೆಯನ್ನು ಹಾಗೇ ಬಿಟ್ಟಿದ್ದೇನೆ.