ಶರಾವತಿ ಹಿನ್ನೀರು: ಸಂಜೆ ಕಾರು, ಬೆಳಿಗ್ಗೆ ಹುಟ್ಟು

ಸಾಗರಕ್ಕೆ ಹೋದವರು ಜೋಗ ನೋಡಿ ವಾಪಸ್ ಬಂದುಬಿಡುತ್ತಾರೆ. ಜೋಗಕ್ಕೆ ಹೋಗುವ ನೀರು ಅದಕ್ಕೂ ಮುಂಚೆ ಎಲ್ಲಿ ನಿಂತಿರುತ್ತದೆ ಅಂತ ನೋಡಲು ಎರಡು ದಿನ ಬೇಕು.

ಮೊದಲು ತಿಂಗಳು ಗೊತ್ತುಮಾಡಿಕೊಳ್ಳಿ. ಈ ನೀರನ್ನು ತಡೆದು ನಿಲ್ಲಿಸಿರುವ ಲಿಂಗನಮಕ್ಕಿ ಅಣೆಕಟ್ಟೆಯ ಪೂರ್ಣ ಮಟ್ಟ ಸಮುದ್ರಮಟ್ಟದಿಂದ 1819 ಅಡಿ. ಮಳೆಗಾಲದಲ್ಲಿ ಎಷ್ಟು ಅಡಿ ತುಂಬಿತು ಅಂತ ಪೇಪರಿನಲ್ಲಿ ಬರುತ್ತಲೇ ಇರುತ್ತದೆ, ಅಲ್ವಾ? ಆಗ ಸುಮ್ನೆ ಓದಿಕೊಂಡಿರಿ, ಹೊರಡಬೇಡಿ. ನವೆಂಬರಿನಿಂದ ಫೆಬ್ರವರಿವರೆಗೆ ನೀರೂ ಇರುತ್ತದೆ, ಬಿಸಿಲೂ ಹಿತ. ಬೇಸಿಗೆಯಲ್ಲಿ ನೀರು ತೀರಾ ಇಳಿದರೆ, 1964ರಲ್ಲಿ ಲಿಂಗನಮಕ್ಕಿ ಬಂದ ಮೇಲೆ ಮುಳುಗಿದ ಹಿರೇಭಾಸ್ಕರ ಅಣೆಕಟ್ಟೆ ಮೇಲೆ ಕಾಣುತ್ತದೆ. ಅದು ಬೇರೆಯೇ ಪ್ರವಾಸ.

ಬೆಂಗಳೂರಿನಿಂದ ಸಾಗರ ಸುಮಾರು 350 ಕಿ.ಮೀ. ಮೊದಲ ದಿನ ಮಧ್ಯಾಹ್ನ ಊಟ ಮುಗಿಸಿ ಆವಿನಹಳ್ಳಿ ಮೇಲೆ ಹೊಳೆಬಾಗಿಲಿನ ಕಡೆ ಕಾರು ಬಿಡಿ. 2025ರ ಜುಲೈನಿಂದ ಅಲ್ಲಿ ಸೇತುವೆ ಇದೆ, ಎರಡು ಕಿಲೋಮೀಟರಿಗೂ ಉದ್ದ. ಮೊದಲೆಲ್ಲ ಸಿಗಂದೂರಿಗೆ ಹೋಗಲು ಲಾಂಚಿಗೆ ಕ್ಯೂ ನಿಲ್ಲಬೇಕಿತ್ತು. ಆಚೆ ದಡದ ತುಮರಿಯ ಜನರಿಗೆ ಸೇತುವೆ ಬೇಕೇ ಬೇಕಿತ್ತು. ಆದರೂ ನೀರನ್ನು ಕೈಯಳತೆಯಲ್ಲಿ ತೋರಿಸುತ್ತಿದ್ದದ್ದು ಲಾಂಚೇ ಅಂತ ನನಗನ್ನಿಸುತ್ತದೆ. ಸೇತುವೆ ಮೇಲೆ ಗಾಡಿ ನಿಲ್ಲಿಸಬೇಡಿ; ದಾಟಿ, ಬದಿಯಲ್ಲಿ ಜಾಗ ನೋಡಿ ಇಳಿಯಿರಿ.

ಮರುದಿನ ಹಿನ್ನೀರಿನ ದಡದಲ್ಲೇ ಇರುವ ಹೊನ್ನೇಮರಡು. ಜೋಗದ ರಸ್ತೆಯಲ್ಲಿ ತಾಳಗುಪ್ಪ ದಾಟಿ ಎಡಕ್ಕೆ ತಿರುಗಬೇಕು, ಸಾಗರದಿಂದ ಹೆಚ್ಚುಕಡಿಮೆ 25 ಕಿ.ಮೀ. ಕಯಾಕ್ (ಹುಟ್ಟು ಹಾಕಿ ನಡೆಸುವ ಕಿರಿದಾದ ದೋಣಿ), ತೆಪ್ಪಕ್ಕೆ ಮುಂಚೆಯೇ ಮಾತಾಡಿಕೊಂಡು ಹೋಗಿ. ಬೆಳಿಗ್ಗೆ ಬೇಗ ನೀರಿಗಿಳಿಯಿರಿ, ಮಧ್ಯಾಹ್ನ ಗಾಳಿ ಏಳುತ್ತದೆ.

ಲೈಫ್ ಜಾಕೆಟ್ ಹಾಕಿಕೊಂಡು ಪಟ್ಟಿ ಬಿಗಿಯಿರಿ. ಭುಜದ ಹತ್ತಿರ ಹಿಡಿದು ಮೇಲಕ್ಕೆ ಎಳೆದರೆ ಅದು ಕಿವಿವರೆಗೆ ಬರಬಾರದು. ಈಜು ಬರುವವರಿಗೂ ಇದು ಬೇಕು. ಹುಟ್ಟನ್ನು ತಲೆಯ ಮೇಲಿಟ್ಟು ಎರಡೂ ಕೈಯಲ್ಲಿ ಹಿಡಿಯಿರಿ; ಮೊಣಕೈಗಳು ಎಲ್ ಅಕ್ಷರದ ಹಾಗೆ ಬಾಗಿದರೆ ಹಿಡಿತ ಸರಿ. ಪಾದದ ಪಕ್ಕ ನೀರಿಗೆ ಅದ್ದಿ, ಸೊಂಟದ ಹತ್ತಿರ ಬಂದ ಕೂಡಲೇ ಎತ್ತಿ. ತೋಳಿನಿಂದ ಎಳೆದರೆ ಅರ್ಧ ಗಂಟೆಗೆ ಸುಸ್ತು. ಸೊಂಟ ತಿರುಗಿಸಿ, ಬೆನ್ನಿಗೆ ಕೆಲಸ ಕೊಡಿ. ಎಡಕ್ಕೆ ತಿರುಗಬೇಕಾದರೆ ಬಲಗಡೆ ಅಗಲವಾಗಿ ಬೀಸಿ.

ಹೋಗುವಾಗ ಗಾಳಿಗೆ ಎದುರಾಗಿ ಹೋಗಿ. ದಣಿದು ಬರುವಾಗ ಅದೇ ಗಾಳಿ ತಳ್ಳಿಕೊಡುತ್ತದೆ. ದಡ ಬಿಟ್ಟು ದೂರ ಬೇಡ. ಮುಳುಗಿದ ಕಾಡಿನ ಬೊಡ್ಡೆಗಳು ನೀರಿನಡಿ ಇನ್ನೂ ನಿಂತಿವೆ, ಹಾಗಾಗಿ ಗೊತ್ತಿಲ್ಲದ ಕಡೆ ಧುಮುಕುವ ಹುಮ್ಮಸ್ಸು ಬೇಡವೇ ಬೇಡ. ಕಯಾಕ್ ಮಗುಚಿದರೆ ಅದನ್ನೇ ಹಿಡಿದುಕೊಳ್ಳಿ, ಬಿಟ್ಟು ಈಜಲು ಹೋಗಬೇಡಿ.

ದಡಕ್ಕೆ ಬಂದಾಗ ಹುಟ್ಟಿನಿಂದ ಆಳ ನೋಡಿ ಕಾಲಿಡಿ. ಕೆಲವು ಕಡೆ ಕೆಸರು ಮೊಣಕಾಲುದ್ದ ಇರುತ್ತದೆ. ನನ್ನ ಒಂದು ಚಪ್ಪಲಿ ಇನ್ನೂ ಅಲ್ಲೇ ಇದೆ.